ಪ್ಲೇಗಿಗೆ ಸೂಜಿ ತಂದ ಹಾಫ್‌ಕಿನ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಶಾಲೆಯ ನೆನಪುಗಳನ್ನು ಬರೆಯುವವರು ಬಹಳ ಜನ ಇರುತ್ತಾರೆ, ನಾನು ಬೇರೆ ಏನಾದರೂ ಬರೆಯುತ್ತೇನೆ ಎಂದೆ. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ಕಂಪ್ಯೂಟರ್ ಬಗ್ಗೆ ಬರೆಯುತ್ತಾನೆ ಎಂದು ಅವರು ತಿಳಿದುಕೊಂಡಿರಬೇಕು. ನಾನು ಬರೆಯಹೊರಟಿರುವುದು ವ್ಲಾದಿಮಿರ್ ಹಾಫ್‌ಕಿನ್ ಎಂಬ ವಿಜ್ಞಾನಿಯ ಬದುಕನ್ನು. ನಾವು ಓದಿದ ವಿಜ್ಞಾನ ಪಾಠದಲ್ಲಿ ಜೆನ್ನರ್ ಇದ್ದ, ಲೂಯಿ ಪಾಸ್ಚರ್ ಇದ್ದ, ರಾಬರ್ಟ್ ಕಾಕ್ ಇದ್ದ. ಹಾಫ್‌ಕಿನ್ ಇದ್ದಂತೆ ನೆನಪಿಲ್ಲ. ಆದರೆ ಆ ಮೂವರಿಗಿಂತ ನಮ್ಮ ಧಾರವಾಡ ಸೀಮೆಯ ಜನರಿಗೆ ಹತ್ತಿರವಾದವನು ಇವನೇ. ನಮ್ಮ ಮುತ್ತಜ್ಜ ಮುತ್ತಜ್ಜಿಯರ ಕಾಲದವರು ತೋಳಿಗೆ ಹಾಕಿಸಿಕೊಂಡ ಪ್ಲೇಗಿನ ಸೂಜಿಯ ಮದ್ದು ಇವನು ಮಾಡಿದ್ದು.

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಆಗಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ಎಂಬ ಬಂದರು ಪಟ್ಟಣದಲ್ಲಿ. ಈಗ ಅದು ಉಕ್ರೇನಿನಲ್ಲಿದೆ. ಯಹೂದಿ ಮನೆತನ. ಚಿಕ್ಕಂದಿನಲ್ಲಿ ಬೆರ್ದ್ಯಾನ್ಸ್ಕ್ ಎಂಬ ಊರಿನಲ್ಲಿ ಬೆಳೆದು, ಕಾಲೇಜಿಗೆ ಮತ್ತೆ ಒಡೆಸ್ಸಾಕ್ಕೆ ಬಂದ. ಅಲ್ಲಿ ಅವನಿಗೆ ಸಿಕ್ಕ ಗುರು ಇಲ್ಯಾ ಮೆಚ್ನಿಕಾಫ್. ಈ ಗುರುವಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ರಕ್ತದಲ್ಲಿರುವ ಕೆಲವು ಬಿಳಿ ಕಣಗಳು ಹೊರಗಿನಿಂದ ನುಗ್ಗಿದ ರೋಗಾಣುಗಳನ್ನು ಸುತ್ತುವರಿದು ನುಂಗಿಹಾಕುತ್ತವೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವನು ಮೆಚ್ನಿಕಾಫ್. ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಆ ಮುಳ್ಳಿನ ಸುತ್ತ ಜೀವಕಣಗಳು ಬಂದು ಮುತ್ತಿಕೊಳ್ಳುವುದನ್ನು 1882ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡ. 1908ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ದೇಹ ಎಂದರೆ ರೋಗ ಬಂದಾಗ ಸುಮ್ಮನೆ ಬಿದ್ದುಕೊಂಡಿರುವ ವಸ್ತುವಲ್ಲ, ಅದು ಎದುರು ನಿಂತು ಹೋರಾಡುತ್ತದೆ ಎಂಬ ಪಾಠ ಹಾಫ್‌ಕಿನ್‌ಗೆ ಸಿಕ್ಕಿದ್ದು ಇಂಥ ಗುರುವಿನಿಂದ.

ಓದುವ ವಯಸ್ಸಿನಲ್ಲೇ ಹಾಫ್‌ಕಿನ್ ಪೊಲೀಸರ ಕಣ್ಣಿಗೆ ಬಿದ್ದಿದ್ದ. ತ್ಸಾರ್ ದೊರೆಯ ವಿರುದ್ಧದ ಗುಂಪಿನ ಜೊತೆ ಸೇರಿದ್ದು ಒಂದು ಕಾರಣ. 1881ರಲ್ಲಿ ಒಡೆಸ್ಸಾದಲ್ಲಿ ಯಹೂದಿಗಳ ಮನೆಗಳ ಮೇಲೆ ದಾಳಿಗಳಾದಾಗ, ತಮ್ಮವರ ರಕ್ಷಣೆಗೆ ನಿಂತ ಯುವಕರಲ್ಲಿ ಇವನೂ ಇದ್ದ. ಪೆಟ್ಟು ತಿಂದ, ಜೈಲಿಗೂ ಹೋದ. ಬಿಡಿಸಿಕೊಂಡು ಬಂದವನು ಮೆಚ್ನಿಕಾಫ್. ಮುಂದೆ ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿ ಪಡೆದರೂ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಗಲಿಲ್ಲ. ಯಹೂದಿ ಧರ್ಮ ಬಿಟ್ಟು ಕ್ರೈಸ್ತನಾದರೆ ಕೊಡುತ್ತೇವೆ ಎಂದರು. ಅವನು ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋದ, ಮರುವರ್ಷ ಪ್ಯಾರಿಸ್ಸಿಗೆ. ಅಲ್ಲಿ ಪಾಸ್ಚರ್ ಸಂಸ್ಥೆಯಲ್ಲಿ ಆಗಲೇ ಮೆಚ್ನಿಕಾಫ್ ಇದ್ದ. ಆದರೆ ಖಾಲಿ ಇದ್ದದ್ದು ಗ್ರಂಥಪಾಲಕನ ಹುದ್ದೆ ಒಂದೇ. ಡಾಕ್ಟರೇಟ್ ಮಾಡಿದವನು ಪುಸ್ತಕ ಎತ್ತಿಕೊಡುವ ಕೆಲಸಕ್ಕೆ ಸೇರಿಕೊಂಡ. ಬಿಡುವಿನಲ್ಲಿ ಪ್ರಯೋಗಾಲಯದ ಕೆಲಸ, ಮನಸ್ಸು ಬಂದಾಗ ಪಿಟೀಲು.

ಅವನು ಮೊದಲು ಹಿಡಿದ ರೋಗಾಣು ಕಾಲರಾದ್ದು. ನಮ್ಮ ಕಡೆ ವಾಂತಿಭೇದಿ ಎನ್ನುತ್ತಿದ್ದರಲ್ಲ, ಅದು. ಅಲ್ಪವಿರಾಮದ ಹಾಗೆ ಬಾಗಿದ ಈ ಕಡ್ಡಿಯಾಕಾರದ ಜೀವಿಯನ್ನು ರಾಬರ್ಟ್ ಕಾಕ್ 1883-84ರಲ್ಲಿ ಈಜಿಪ್ಟಿನಲ್ಲೂ ನಂತರ ಕಲಕತ್ತೆಯಲ್ಲೂ ಹುಡುಕಿ ತೆಗೆದಿದ್ದ. ಇದು ದೇಹದೊಳಗೆ ಮಾಡುವ ಕೆಲಸ ವಿಚಿತ್ರವಾದದ್ದು. ಹೊಲಸಾದ ನೀರಿನ ಜೊತೆ ಬಾಯಿಂದ ಒಳಗೆ ಹೋಗುತ್ತದೆ. ಹೊಟ್ಟೆಯ ಆಮ್ಲದಲ್ಲಿ ಬಹಳಷ್ಟು ಸಾಯುತ್ತವೆ. ಉಳಿದವು ಸಣ್ಣ ಕರುಳಿನ ಒಳಗೋಡೆಗೆ ಅಂಟಿಕೊಂಡು ಅಲ್ಲೇ ಸಂಸಾರ ಹೂಡುತ್ತವೆ. ಕರುಳನ್ನು ಕೊರೆಯುವುದಿಲ್ಲ, ರಕ್ತಕ್ಕೆ ಇಳಿಯುವುದಿಲ್ಲ. ಕೂತಲ್ಲಿಂದಲೇ ಒಂದು ವಿಷವನ್ನು ಬಿಡುತ್ತವೆ. ಆ ವಿಷ ತಾಗಿದ ಕರುಳಿನ ಜೀವಕೋಶಗಳು, ನಲ್ಲಿಯ ತಿರುಪು ಕೆಟ್ಟುಹೋದಂತೆ, ದೇಹದ ಉಪ್ಪು ಮತ್ತು ನೀರನ್ನು ಹೊರಗೆ ಸುರಿಯತೊಡಗುತ್ತವೆ. ಅಕ್ಕಿ ತೊಳೆದ ನೀರಿನಂಥ ಭೇದಿ, ಲೀಟರುಗಟ್ಟಲೆ. ಬೆಳಿಗ್ಗೆ ಗಟ್ಟಿಮುಟ್ಟಾಗಿ ಹೊಲಕ್ಕೆ ಹೋದವನು ಸಂಜೆಗೆ ಇಲ್ಲ ಎನ್ನುವುದು ಹೀಗೆ. ಸಾಯಿಸುವುದು ರೋಗಾಣುವಿಗಿಂತ ಹೆಚ್ಚಾಗಿ ನೀರಿನ ನಷ್ಟ. ಈ ವಿಷದ ಗುಟ್ಟನ್ನು ಖಚಿತವಾಗಿ ತೋರಿಸಿದ್ದು ಕಲಕತ್ತೆಯ ಶಂಭುನಾಥ ಡೇ ಎಂಬ ವೈದ್ಯ, 1959ರಲ್ಲಿ, ಮೊಲದ ಕರುಳಿನ ಮೇಲೆ ಪ್ರಯೋಗ ಮಾಡಿ. ಹಾಫ್‌ಕಿನ್ ತೀರಿಹೋಗಿ ಆಗ ಸುಮಾರು ಮೂವತ್ತು ವರ್ಷ.

ಅಂದರೆ ಈ ರೋಗಾಣು ಹೇಗೆ ಕೊಲ್ಲುತ್ತದೆಂದು ಸರಿಯಾಗಿ ತಿಳಿಯದೆಯೇ ಹಾಫ್‌ಕಿನ್ ಅದಕ್ಕೆ ಲಸಿಕೆ ಮಾಡಲು ಕೂತ. ಅವನ ಉಪಾಯ ಎರಡು ಹಂತದ್ದು. ಗಿನಿಪಿಗ್‌ನ ಹೊಟ್ಟೆಯಿಂದ ಮತ್ತೊಂದು ಗಿನಿಪಿಗ್‌ಗೆ, ಅದರಿಂದ ಇನ್ನೊಂದಕ್ಕೆ ಹೀಗೆ ಸಾಲಾಗಿ ದಾಟಿಸುತ್ತಾ ಹೋದರೆ ರೋಗಾಣು ಹೆಚ್ಚು ಹೆಚ್ಚು ಉಗ್ರವಾಗುತ್ತದೆ. ಬಿಸಿ ಗಾಳಿಯಲ್ಲಿ ಬೆಳೆಸಿದರೆ ಬಲ ಕುಗ್ಗುತ್ತದೆ. ಮೊದಲು ಬಲ ಕುಗ್ಗಿದ್ದನ್ನು ಚುಚ್ಚಿ ದೇಹಕ್ಕೆ ಪರಿಚಯ ಮಾಡಿಸುವುದು, ಕೆಲವು ದಿನ ಬಿಟ್ಟು ಉಗ್ರವಾದದ್ದನ್ನು ಚುಚ್ಚುವುದು. ಪ್ರಾಣಿಗಳಲ್ಲಿ ಫಲ ಕಂಡಿತು. ಮನುಷ್ಯರಲ್ಲಿ? 1892ರ ಜುಲೈ 18ರಂದು ತನಗೇ ಚುಚ್ಚಿಕೊಂಡ. ಜ್ವರ ಬಂತು, ಚುಚ್ಚಿದ ಕಡೆ ನೋವಾಯಿತು, ಕೆಲವು ದಿನಗಳಲ್ಲಿ ಸರಿಹೋಯಿತು. ಆರು ದಿನದ ನಂತರ ಎರಡನೆಯದನ್ನೂ ಚುಚ್ಚಿಕೊಂಡ. ಆಮೇಲೆ ಮೂವರು ರಷ್ಯನ್ ಗೆಳೆಯರು ಮುಂದೆ ಬಂದರು.

ಲಸಿಕೆ ತಯಾರಾಯಿತು, ಆದರೆ ಹಾಕಿಸಿಕೊಳ್ಳುವವರಿಲ್ಲ. ಯುರೋಪಿನ ಸರ್ಕಾರಗಳು ಆಸಕ್ತಿ ತೋರಲಿಲ್ಲ. ಭಾರತದ ವೈಸ್‌ರಾಯ್ ಆಗಿದ್ದು ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್, ಇದನ್ನು ಭಾರತದಲ್ಲಿ ಪರೀಕ್ಷಿಸಬಹುದಲ್ಲ ಎಂದು ಸೂಚಿಸಿದ. ಹೀಗೆ 1893ರ ಮಾರ್ಚಿನಲ್ಲಿ ಹಾಫ್‌ಕಿನ್ ಕಲಕತ್ತೆಗೆ ಬಂದಿಳಿದ. ಬ್ರಿಟಿಷರವನಲ್ಲ, ರಷ್ಯಾದವನು, ಯಹೂದಿ, ವೈದ್ಯನೂ ಅಲ್ಲ, ಪ್ರಾಣಿಶಾಸ್ತ್ರಜ್ಞ. ಸರ್ಕಾರಿ ವೈದ್ಯಾಧಿಕಾರಿಗಳ ಸಾಲಿನಲ್ಲಿ ಅವನಿಗೆ ಎಲ್ಲಿಯೂ ಜಾಗವಿರಲಿಲ್ಲ. ಮುಂದೆ ನಡೆದದ್ದನ್ನು ಓದುವಾಗ ಇದನ್ನು ನೆನಪಿಡಬೇಕು.

ಆಗ್ರಾದಿಂದ ಆರಂಭಿಸಿ ಉತ್ತರ ಭಾರತದ ದಂಡಿನ ಪಾಳೆಯಗಳು, ಪಟ್ಟಣಗಳು, ಆಮೇಲೆ ಅಸ್ಸಾಮಿನ ಚಹಾ ತೋಟಗಳು, ಹೀಗೆ ಊರೂರು ತಿರುಗಿದ. 1894ರಲ್ಲಿ ಕಲಕತ್ತೆಯ ಕಾಟಲ್ ಬಾಗಾನ್ ಎಂಬ ಕೊಳೆಗೇರಿಯಲ್ಲಿ ಕಾಲರಾ ಬಂದಾಗ ಅಲ್ಲಿನ ಸುಮಾರು 200 ಜನರಲ್ಲಿ 116 ಜನ ಲಸಿಕೆ ಹಾಕಿಸಿಕೊಂಡರು. ಆಮೇಲೆ ಆ ಕೇರಿಯಲ್ಲಿ ಕಾಲರಾ ಕಾಣಿಸಿದ್ದು ಹಾಕಿಸಿಕೊಳ್ಳದವರಲ್ಲಿ ಮಾತ್ರ. ಒಂದೇ ಕೇರಿ, ಒಂದೇ ಕೆರೆಯ ನೀರು, ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಇಲ್ಲ: ಹೀಗೆ ಹೋಲಿಸಿ ನೋಡುವ ಶಿಸ್ತು ಅವನಿಗೆ ಬಹಳ ಮುಖ್ಯ. ಎಲ್ಲಿ ಹೋದರೂ ಲೆಕ್ಕದ ಪುಸ್ತಕ ಜೊತೆಗಿರುತ್ತಿತ್ತು. ಬಲವಂತದ ಲಸಿಕೆ ಅವನ ರೀತಿಯಲ್ಲ. 1895ರ ಹೊತ್ತಿಗೆ ಸುಮಾರು 42 ಸಾವಿರ ಜನಕ್ಕೆ ಲಸಿಕೆ ಹಾಕಿದ್ದ. ಅಷ್ಟರಲ್ಲಿ ತಾನೇ ಮಲೇರಿಯಾದಿಂದ ಬಳಲಿ ಯುರೋಪಿಗೆ ಹಿಂತಿರುಗಬೇಕಾಯಿತು. ಸ್ವಲ್ಪ ಸುಧಾರಿಸಿಕೊಂಡು 1896ರಲ್ಲಿ ಮತ್ತೆ ಬಂದ.

ಆ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಎಂಬಲ್ಲಿ ಅಕಾಶಿಯೊ ವಿಯೆಗಾಸ್ ಎಂಬ ಗೋವಾ ಮೂಲದ ವೈದ್ಯರು ಪ್ಲೇಗನ್ನು ಗುರುತಿಸಿದರು. ಹಡಗಿನ ಬಂದರು, ಧಾನ್ಯದ ಗೋದಾಮುಗಳು, ಅವುಗಳಲ್ಲಿ ಇಲಿಗಳು. ಪ್ಲೇಗಿನ ರೋಗಾಣುವನ್ನು ಎರಡು ವರ್ಷದ ಹಿಂದೆಯಷ್ಟೇ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಕಂಡುಹಿಡಿದಿದ್ದ. ಇದರ ದಾರಿ ಕಾಲರಾದಂತಲ್ಲ. ಕಾಲರಾ ಬಾಯಿಂದ ಬಂದು ಕರುಳಿನಲ್ಲೇ ನಿಂತರೆ, ಇದು ಚರ್ಮದ ಮೂಲಕ ಬಂದು ಇಡೀ ದೇಹಕ್ಕೆ ಹಬ್ಬುವಂಥದ್ದು. ಇಲಿಯ ಮೈಮೇಲಿನ ಚಿಗಟ ರೋಗದ ರಕ್ತ ಹೀರಿದಾಗ ರೋಗಾಣು ಅದರ ಗಂಟಲ ಬಳಿ ಬೆಳೆದು ಗಡ್ಡೆಕಟ್ಟಿ ದಾರಿ ಮುಚ್ಚುತ್ತದೆ. ಹೀರಿದ ರಕ್ತ ಹೊಟ್ಟೆಗೆ ಇಳಿಯದೆ, ಹಸಿವು ತಾಳದೆ, ಚಿಗಟ ಸಿಕ್ಕಸಿಕ್ಕವರನ್ನು ಕಚ್ಚುತ್ತದೆ; ಕಚ್ಚಿದಾಗಲೆಲ್ಲ ರೋಗಾಣುವನ್ನು ಗಾಯದೊಳಕ್ಕೆ ಕಕ್ಕುತ್ತದೆ. ಇಲಿ ಸತ್ತಾಗ ಅದರ ಚಿಗಟಗಳು ಬೇರೆ ಮೈ ಹುಡುಕಿಕೊಂಡು ಬರುತ್ತವೆ. ಅಟ್ಟದಿಂದ ಇಲಿ ಬಿತ್ತು ಎಂದರೆ ಊರು ಬಿಡಬೇಕು ಎಂದು ನಮ್ಮ ಹಿರಿಯರು ಗಂಟುಮೂಟೆ ಕಟ್ಟಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಲ್ಲ, ಅದರಲ್ಲಿ ದೊಡ್ಡ ತಿಳಿವಳಿಕೆ ಇತ್ತು. ಚಿಗಟವೇ ರೋಗ ದಾಟಿಸುತ್ತದೆ ಎಂದು ಸಿಮೊಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ವಿಜ್ಞಾನಿಗಳು ಆ ಮಾತನ್ನು ಒಪ್ಪಲು ಇನ್ನೂ ಹಲವು ವರ್ಷ ಬೇಕಾಯಿತು.

ಚಿಗಟ ಸಾಮಾನ್ಯವಾಗಿ ಕಾಲಿಗೆ ಕಚ್ಚುತ್ತದೆ. ಅಲ್ಲಿಂದ ರೋಗಾಣು ಹತ್ತಿರದ ದುಗ್ಧಗ್ರಂಥಿಗೆ, ಅಂದರೆ ತೊಡೆಸಂದಿಗೆ ಬರುತ್ತದೆ. ದೇಹದ ಕಾವಲು ಠಾಣೆ ಅದು. ಮೆಚ್ನಿಕಾಫ್ ಕಂಡ ನುಂಗುವ ಕಣಗಳು ಅಲ್ಲಿಯೂ ಇರುತ್ತವೆ. ಆದರೆ ಈ ರೋಗಾಣು ನುಂಗಿದವರ ಹೊಟ್ಟೆಯೊಳಗೂ ಬದುಕಿ ಬೆಳೆಯುವ ಜಾತಿಯದು. ಗ್ರಂಥಿ ಊದಿ ನಿಂಬೆಹಣ್ಣಿನಷ್ಟು, ಕೆಲವೊಮ್ಮೆ ಇನ್ನೂ ದೊಡ್ಡ ಗಡ್ಡೆಯಾಗುತ್ತದೆ. ಠಾಣೆ ಸೋತರೆ ರೋಗಾಣು ರಕ್ತಕ್ಕೆ ನುಗ್ಗುತ್ತದೆ. ಶ್ವಾಸಕೋಶ ತಲುಪಿದರೆ ಕೆಮ್ಮಿನ ಹನಿಯಿಂದಲೇ ಮನುಷ್ಯನಿಂದ ಮನುಷ್ಯನಿಗೆ ದಾಟುತ್ತದೆ.

ಅಕ್ಟೋಬರಿನಲ್ಲಿ ಸರ್ಕಾರ ಹಾಫ್‌ಕಿನ್‌ನನ್ನು ಮುಂಬಯಿಗೆ ಕಳಿಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು: ಇಷ್ಟೇ ಅವನಿಗೆ ಸಿಕ್ಕ ಸೌಲಭ್ಯ. ಹಗಲುರಾತ್ರಿ ಕೆಲಸ ಮಾಡಿದ. ಪ್ಲೇಗಿನ ರೋಗಾಣುವನ್ನು ಮಾಂಸದ ತಿಳಿಸಾರಿನಲ್ಲಿ ಬೆಳೆಸಬೇಕು, ಆದರೆ ಹೇರಳವಾಗಿ ಬೆಳೆಯಬೇಕು. ಅದಕ್ಕೆ ಅವನು ಕಂಡುಕೊಂಡ ಉಪಾಯ ತುಪ್ಪ! ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟ. ಹನಿಗಳ ಅಡಿಯಿಂದ ರೋಗಾಣುಗಳು ಬಿಳಲಿನ ಹಾಗೆ ಕೆಳಗೆ ಇಳಿಬಿಟ್ಟು ಬೆಳೆದವು. ಸೀಸೆ ಅಲುಗಾಡಿಸಿದರೆ ಬಿಳಲುಗಳು ಉದುರಿ ತಳ ಸೇರುತ್ತವೆ, ಹನಿಯಡಿ ಹೊಸ ಬಿಳಲು ಹುಟ್ಟುತ್ತದೆ. ಹೀಗೆ ವಾರಗಟ್ಟಲೆ ಬೆಳೆಸಿ, ಕಾಯಿಸಿ ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಸೇರಿಸಿದರೆ ಲಸಿಕೆ. ಸತ್ತ ರೋಗಾಣುವಿನ ಗುರುತು ಹಿಡಿದು ದೇಹ ಮೊದಲೇ ತಯಾರಾಗಿರಲಿ ಎಂಬುದು ಇದರ ಹುರುಳು. ನಮ್ಮ ಮನೆಯ ತುಪ್ಪಕ್ಕೆ ಇಂಥ ಉಪಯೋಗವೂ ಉಂಟೆಂದು ಓದಿದಾಗ ನನಗೆ ನಗು ಬಂತು, ಹೆಮ್ಮೆಯೂ ಆಯಿತು.

1897ರ ಜನವರಿ 10ರಂದು ಈ ಲಸಿಕೆಯನ್ನೂ ಮೊದಲು ತಾನೇ ಚುಚ್ಚಿಕೊಂಡ, ಮುಂದೆ ಬೇರೆಯವರಿಗೆ ಕೊಡಬೇಕೆಂದಿದ್ದುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ಜ್ವರ, ತೋಳು ನೋವು, ಕೆಲಸ ನಿಲ್ಲಿಸಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಬೈಕಲ್ಲಾ ಜೈಲಿಗೆ ಪ್ಲೇಗು ನುಗ್ಗಿತು. ಕೈದಿಗಳಲ್ಲಿ ಒಪ್ಪಿದವರಿಗೆ ಲಸಿಕೆ ಹಾಕಿದರು, ಹೆಚ್ಚುಕಡಿಮೆ ಅರ್ಧ ಜನ. ಎಲ್ಲರಿಗೂ ಒಂದೇ ಊಟ, ಒಂದೇ ಗೋಡೆ. ಆನಂತರದ ದಿನಗಳಲ್ಲಿ ಹಾಕಿಸಿಕೊಳ್ಳದವರಲ್ಲಿ 12 ಜನಕ್ಕೆ ಪ್ಲೇಗು ಬಂದು 6 ಜನ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಇಬ್ಬರೂ ಉಳಿದರು. ಕೈದಿಗಳ ಒಪ್ಪಿಗೆ ಎಂದರೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂದು ಇಂದು ನಾವು ಕೇಳಬಹುದು, ಕೇಳಲೇಬೇಕು. ಆ ಕಾಲದಲ್ಲಿ ಅದನ್ನು ಕೇಳಿದವರು ಕಡಿಮೆ.

ಲಸಿಕೆ ಪೂರ್ತಿ ರಕ್ಷೆಯೇನಲ್ಲ; ಕೆಲವು ತಿಂಗಳ ಮೇಲೆ ಅದರ ಬಲ ಕುಗ್ಗುತ್ತಿತ್ತು. ಜನ ಹೆದರಿದ್ದರು ಬೇರೆ. ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದು, ಮನೆ ಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುತ್ತಿತ್ತು, ಸಾಮಾನು ಸುಡುತ್ತಿತ್ತು. ಪುಣೆಯಲ್ಲಿ ಈ ದಬ್ಬಾಳಿಕೆ ಎಷ್ಟಾಯಿತೆಂದರೆ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದರು. ಅಂಥ ಸರ್ಕಾರ ಕಳಿಸಿದ ಸೂಜಿಯನ್ನು ಜನ ಹೇಗೆ ನಂಬಿಯಾರು? ಆಗಾ ಖಾನ್ ಎಂಬ ಯುವ ಧರ್ಮಗುರು ತನ್ನ ಜನರ ಎದುರಿಗೇ ಲಸಿಕೆ ಹಾಕಿಸಿಕೊಂಡು ತೋರಿಸಿದ. ಪ್ರಯೋಗಾಲಯಕ್ಕೆ ತನ್ನ ಬಂಗಲೆಯನ್ನೇ ಬಿಟ್ಟುಕೊಟ್ಟ. ಅವನ ಸಮುದಾಯದ ಸಾವಿರಾರು ಜನ ಹಾಕಿಸಿಕೊಂಡರು. 2021ರಲ್ಲಿ ಕೋವಿಡ್ ಲಸಿಕೆಗೆ ಹೆದರಿ ಹೊಲಕ್ಕೆ ಓಡಿದವರನ್ನು ನಮ್ಮೂರಲ್ಲೂ ನೋಡಿದ್ದೇವೆ. ಅವರನ್ನು ಕರೆದುಕೊಂಡು ಬಂದದ್ದು ಆದೇಶವಲ್ಲ, ಓಣಿಯ ಆಶಾ ಕಾರ್ಯಕರ್ತೆಯರು.

ಪ್ಲೇಗು ಮುಂಬಯಿಯಿಂದ ರೈಲು ಹಿಡಿದು ನಮ್ಮ ಕಡೆಗೂ ಬಂತು. ಹುಬ್ಬಳ್ಳಿ, ಧಾರವಾಡ, ಗದಗ ಮೂರೂ ತತ್ತರಿಸಿದವು. ಹುಬ್ಬಳ್ಳಿಯಲ್ಲಿ 1898ರ ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯವರೆಗೆ ಲ್ಯೂಮನ್ ಎಂಬ ವೈದ್ಯಾಧಿಕಾರಿ ನಡೆಸಿದ ಲಸಿಕೆಯ ಕೆಲಸ ದೇಶದಲ್ಲೇ ದೊಡ್ಡದೆನಿಸಿತು. ಸುಮಾರು 38 ಸಾವಿರ ಜನ, ಅಂದರೆ ಊರಲ್ಲಿ ಉಳಿದಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರೂ, ಸೂಜಿ ಮಾಡಿಸಿಕೊಂಡರು. ತನ್ನ ಲಸಿಕೆ ಕೆಲಸ ಮಾಡುತ್ತದೆ ಎಂದು ಲಂಡನ್ನಿನ ವಿಜ್ಞಾನಿಗಳ ಮುಂದೆ ಹೇಳಲು ಹಾಫ್‌ಕಿನ್‌ಗೆ ಇದ್ದ ಗಟ್ಟಿ ಆಧಾರಗಳಲ್ಲಿ ಹುಬ್ಬಳ್ಳಿಯ ಲೆಕ್ಕವೂ ಒಂದು. ಅದೇ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ತಲುಪಿತು. ಇಂದಿಗೂ ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳಿವೆ. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದಕ್ಕೂ ಆ ರೋಗದ ಭಯವೇ ಒಂದು ಕಾರಣ. ನಾವು ಕೆಲಸಕ್ಕೆಂದು ಹೋಗಿ ಬಾಡಿಗೆಗೆ ಮನೆ ಹುಡುಕುವ ಆ ಬೀದಿಗಳು ಯಾಕೆ ಅಷ್ಟು ಅಗಲ ಎಂದು ಯಾರಾದರೂ ಕೇಳಿದರೆ ಇದನ್ನು ಹೇಳಬಹುದು.

1899ರ ಆಗಸ್ಟಿನಲ್ಲಿ ಮುಂಬಯಿಯ ಪರೇಲ್‌ನಲ್ಲಿದ್ದ ಹಳೆಯ ಗವರ್ನರ್ ಬಂಗಲೆಯಲ್ಲಿ ಪ್ಲೇಗ್ ಸಂಶೋಧನಾಲಯ ಆರಂಭವಾಯಿತು. ಹಾಫ್‌ಕಿನ್ ಅದರ ನಿರ್ದೇಶಕ. ಪಡಸಾಲೆಯಿಂದ ಬಂಗಲೆಗೆ ಬರಲು ಹಿಡಿದದ್ದು ಮೂರು ವರ್ಷವೂ ಅಲ್ಲ. ಬೇಡಿಕೆ ಬೆಳೆಯಿತು. ಪಂಜಾಬಿನಲ್ಲಿ ಪ್ಲೇಗು ಭೀಕರವಾದಾಗ ಅಲ್ಲಿಗೆ ಲಕ್ಷಗಟ್ಟಲೆ ಲಸಿಕೆ ಬೇಕೆಂದರು. ಬೇಗ ತಯಾರಿಸುವುದಕ್ಕಾಗಿ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಬರೀ ಕಾಯಿಸಿ ಶುದ್ಧಿ ಮಾಡುವ ವಿಧಾನಕ್ಕೆ ಹಾಫ್‌ಕಿನ್ ಬದಲಾಯಿಸಿದ. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಈ ವಿಧಾನ ಆಗಲೇ ಬಳಕೆಯಲ್ಲಿತ್ತು.

1902ರ ಅಕ್ಟೋಬರ್ 30. ಪಂಜಾಬಿನ ಗುಜರಾತ್ ಜಿಲ್ಲೆಯ ಮಲ್ಕೋವಾಲ್ ಎಂಬ ಹಳ್ಳಿ. ಈಗ ಆ ಸೀಮೆ ಪಾಕಿಸ್ತಾನಕ್ಕೆ ಸೇರಿದೆ. ಅಂದು ಅಲ್ಲಿ 107 ಜನ ಪ್ಲೇಗಿನ ಸೂಜಿ ಹಾಕಿಸಿಕೊಂಡರು. ಐದು ಸೀಸೆಗಳು ಖರ್ಚಾದವು. ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಕೆಲವರಿಗೆ ದವಡೆ ಬಿಗಿಯತೊಡಗಿತು. ಹತ್ತೊಂಬತ್ತು ಜನ ಧನುರ್ವಾಯುವಿಗೆ ತುತ್ತಾದರು. ಹತ್ತೊಂಬತ್ತೂ ಜನ ಸತ್ತರು. ಎಲ್ಲರಿಗೂ ಸೂಜಿಮದ್ದು ಬಂದದ್ದು ಒಂದೇ ಸೀಸೆಯಿಂದ, ಅದರ ಸಂಖ್ಯೆ 53-ಎನ್. ಉಳಿದ ನಾಲ್ಕು ಸೀಸೆಗಳಿಂದ ಹಾಕಿಸಿಕೊಂಡ 88 ಜನಕ್ಕೆ ಏನೂ ಆಗಲಿಲ್ಲ.

ಧನುರ್ವಾಯುವಿನ ರೋಗಾಣು ಮೂರನೆಯ ಬಗೆಯದು. ಮಣ್ಣಿನಲ್ಲಿ, ಸಗಣಿಯಲ್ಲಿ, ಕುದುರೆಲದ್ದಿಯಲ್ಲಿ ಇದರ ಬೀಜಕಣಗಳು ವರ್ಷಗಟ್ಟಲೆ ಮಲಗಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಡೊಳ್ಳು ಬಾರಿಸುವ ಕೋಲಿನಂತೆ ಕಾಣುತ್ತವೆ. ಸ್ವಲ್ಪ ಹೊತ್ತು ಕುದಿಸಿದರೂ ಸಾಯುವುದಿಲ್ಲ. ಗಾಳಿ ಇವಕ್ಕೆ ಆಗದು. ಆಳವಾದ ಗಾಯದೊಳಗೆ, ಗಾಳಿ ತಾಗದ ಕಡೆ ಬಿದ್ದರೆ ಮೊಳೆಯುತ್ತವೆ. ಮುಂದೆ ಎಲ್ಲಿಗೂ ಹೋಗುವುದಿಲ್ಲ, ಗಾಯದಲ್ಲೇ ಇದ್ದು ವಿಷ ಮಾಡುತ್ತವೆ. ಆ ವಿಷ ನರಗಳ ಒಳದಾರಿ ಹಿಡಿದು ನಿಧಾನವಾಗಿ ಬೆನ್ನುಹುರಿಗೆ ಏರುತ್ತದೆ. ನಮ್ಮ ಸ್ನಾಯುಗಳಿಗೆ ಬಿಗಿ ಎನ್ನುವ ಆಜ್ಞೆ ಒಂದು, ಸಾಕು ಸಡಿಲಿಸು ಎನ್ನುವ ಆಜ್ಞೆ ಇನ್ನೊಂದು ಇರುತ್ತದೆ. ಈ ವಿಷ ತಡೆಯುವುದು ಎರಡನೆಯದನ್ನು. ಬಿಗಿದದ್ದು ಬಿಗಿದೇ ಇರುತ್ತದೆ. ಮೊದಲು ದವಡೆ, ಆಮೇಲೆ ಕುತ್ತಿಗೆ, ಬೆನ್ನು. ಕಡೆಗೆ ದೇಹ ಬಿಲ್ಲಿನಂತೆ ಬಾಗುತ್ತದೆ. ಧನುರ್ವಾಯು ಎಂದು ಹೆಸರಿಟ್ಟವರು ಕಣ್ಣಾರೆ ಕಂಡೇ ಇಟ್ಟಿರಬೇಕು. ರೋಗಿಗೆ ಕೊನೆಯವರೆಗೂ ಎಚ್ಚರವಿರುತ್ತದೆ.

ಪ್ಲೇಗಿನಿಂದ ಉಳಿಯಲೆಂದು ತೋಳು ಚಾಚಿದವರು ಹೀಗೆ ಸತ್ತರು. ಸರ್ಕಾರ ಒಂದು ವಿಚಾರಣಾ ಆಯೋಗ ನೇಮಿಸಿತು. ಮುಂಬಯಿಯ ಮುಖ್ಯ ನ್ಯಾಯಾಧೀಶರಾಗಿದ್ದ ಲಾರೆನ್ಸ್ ಜೆಂಕಿನ್ಸ್ ಅದರ ಅಧ್ಯಕ್ಷರು. ಸೀಸೆ ತೆರೆಯುವ ಮುಂಚೆಯೇ ಮದ್ದು ಕೆಟ್ಟಿತ್ತು, ಅಂದರೆ ತಪ್ಪು ಪರೇಲ್‌ನ ಪ್ರಯೋಗಾಲಯದ್ದು ಎಂದು ಆಯೋಗ ಹೇಳಿತು. ಕಾರ್ಬಾಲಿಕ್ ಆಮ್ಲ ಬಿಟ್ಟದ್ದನ್ನು ಎತ್ತಿ ಹಿಡಿದರು. ಹಾಫ್‌ಕಿನ್‌ನನ್ನು ಹುದ್ದೆಯಿಂದ ಇಳಿಸಿ, ಸಂಬಳವಿಲ್ಲದ ರಜೆಯ ಮೇಲೆ ಕಳಿಸಿದರು. 1904ರಲ್ಲಿ ಅವನು ಭಾರತ ಬಿಟ್ಟು ಹೋದ. ಸುದ್ದಿ ಹರಡಿ ಜನ ಲಸಿಕೆಗೆ ಹೆದರಿದರು. ಪಂಜಾಬಿನಲ್ಲಿ ಪ್ಲೇಗು ಮಾತ್ರ ನಿಲ್ಲಲಿಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿ ನಮಗೆ ಇಂಥ ಸಂದರ್ಭಗಳ ಪರಿಚಯ ಇದೆ, ಪ್ರಾಣ ಹೋಗುವಂಥವಲ್ಲ ಅಷ್ಟೇ. ಐದು ಯಂತ್ರಗಳಲ್ಲಿ ಒಂದು ಕೆಟ್ಟು ನಾಲ್ಕು ಸರಿಯಿದ್ದರೆ, ಆ ಒಂದಕ್ಕೆ ಮಾತ್ರ ಆದದ್ದೇನು ಎಂದು ಹುಡುಕಬೇಕು. ಯಾರನ್ನು ಮನೆಗೆ ಕಳಿಸಬೇಕೆಂಬುದು ಆಮೇಲಿನ ಮಾತು. ಇಲ್ಲಿ ಎರಡನೆಯದು ಮೊದಲು ನಡೆಯಿತು.

ಆಯೋಗದ ಮುಂದೆ ಬಂದ ಸಾಕ್ಷ್ಯದ ಕಾಗದಗಳು 1906ರ ಕೊನೆಗೆ ಪ್ರಕಟವಾದಾಗ ವಿಜ್ಞಾನಿಗಳು ಅವನ್ನು ಸಾಲು ಸಾಲಾಗಿ ಓದಿದರು. ಅಂದು ಮಲ್ಕೋವಾಲ್‌ನಲ್ಲಿ ಸೀಸೆಯ ಬೂಚು ತೆಗೆಯುವ ಚಿಮಟ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಎತ್ತಿಕೊಂಡು ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ಅದರಿಂದಲೇ 53-ಎನ್ ಸೀಸೆ ತೆರೆದಿದ್ದ. ನಿಯಮದ ಪ್ರಕಾರ ಬೆಂಕಿಯಲ್ಲಿ ಹಿಡಿಯಬೇಕಿತ್ತು. ಧನುರ್ವಾಯುವಿನ ಬೀಜಕಣಕ್ಕೆ ಆ ಅದ್ದುವಿಕೆ ಏನೂ ಅಲ್ಲ. ಇನ್ನೊಂದು ವಿಷಯ: ಸೀಸೆ ತುಂಬಿದ್ದು ವಾರಗಳ ಹಿಂದೆ. ಬೀಜಕಣ ಪರೇಲ್‌ನಲ್ಲೇ ಸೇರಿದ್ದರೆ ಮುಚ್ಚಿದ ಸಾರಿನೊಳಗೆ ಅಷ್ಟು ದಿನದಲ್ಲಿ ಯಥೇಚ್ಛ ಬೆಳೆದು ಕೊಳೆತ ನಾತ ಹೊಡೆಯಬೇಕಿತ್ತು. ಬಳಸುವ ಮುನ್ನ ವೈದ್ಯರು ಮೂಸಿ ನೋಡಿದಾಗ ವಾಸನೆ ಇರಲಿಲ್ಲ. ವಿಷ ಮೊದಲೇ ತುಂಬಿದ್ದರೆ ರೋಗ ಬೇಗನೆ ಕಾಣಿಸಬೇಕಿತ್ತು. ಇಲ್ಲಿ ಒಂದು ವಾರ ಹಿಡಿದಿದೆ. ಅಂದರೆ ಒಳಗೆ ಹೋದದ್ದು ತಯಾರಾದ ವಿಷವಲ್ಲ, ಆಗಷ್ಟೇ ನೆಲದಿಂದ ಎದ್ದುಬಂದ ಬೀಜಕಣ. ರೋಗಾಣು ದೇಹದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬ ತಿಳಿವಳಿಕೆಯೇ ಇಲ್ಲಿ ಸಾಕ್ಷಿ ಹೇಳಿತು.

ಇದನ್ನು ಬಹಿರಂಗವಾಗಿ ಹೇಳಲು ಮುಂದೆ ಬಂದವನು ರೊನಾಲ್ಡ್ ರಾಸ್. ಸಿಕಂದರಾಬಾದಿನಲ್ಲಿ 1897ರಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜೀವಿಯನ್ನು ಕಂಡು ನೊಬೆಲ್ ಪಡೆದವನು. ಕಲಕತ್ತೆಯಲ್ಲಿ ಹಾಫ್‌ಕಿನ್ ಕೆಲಸವನ್ನು ಹತ್ತಿರದಿಂದ ಕಂಡಿದ್ದ ವೈದ್ಯ ಸಿಂಪ್ಸನ್ ಕೂಡ ಜೊತೆಗೂಡಿದ. 1907ರ ಜುಲೈನಲ್ಲಿ ರಾಸ್ ಸೇರಿ ಹತ್ತು ಜನ ಹೆಸರಾಂತ ವಿಜ್ಞಾನಿಗಳು ಸಹಿ ಮಾಡಿದ ಪತ್ರ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಂತು. ಬ್ರಿಟಿಷ್ ಪಾರ್ಲಿಮೆಂಟಿನಲ್ಲೂ ಪ್ರಶ್ನೆಗಳೆದ್ದವು. ಕಡೆಗೆ ಆ ವರ್ಷದ ನವೆಂಬರಿನಲ್ಲಿ ಹಾಫ್‌ಕಿನ್ ಮೇಲಿನ ಆರೋಪ ಕಳಚಿತು. ಐದು ವರ್ಷ ಹೋಗಿತ್ತು.

ಸರ್ಕಾರ ಮತ್ತೆ ಕೆಲಸಕ್ಕೆ ಕರೆಯಿತು, ಆದರೆ ಪರೇಲ್‌ಗೆ ಅಲ್ಲ. ಅಲ್ಲಿ ಬೇರೆಯವರು ಕೂತಿದ್ದರು. ಕಲಕತ್ತೆಯಲ್ಲಿ ಲಸಿಕೆ ತಯಾರಿಸುವ ಸೌಲಭ್ಯವಿಲ್ಲದ ಒಂದು ಪ್ರಯೋಗಾಲಯ ಕೊಟ್ಟರು. ಮನುಷ್ಯರ ಮೇಲೆ ಹೊಸ ಲಸಿಕೆಯ ಪರೀಕ್ಷೆಗೆ ಅನುಮತಿ ಇಲ್ಲ. ಕಾಲರಾಕ್ಕೆ ಕೊಂದ ರೋಗಾಣುವಿನ ಲಸಿಕೆ ಮಾಡಬೇಕೆಂಬ ಅವನ ಆಸೆ ಕಾಗದದ ಮೇಲೇ ಉಳಿಯಿತು. ಆರೋಪದಿಂದ ಬಿಡಿಸಿದರು, ಆದರೆ ಕೆಲಸದಿಂದಲೂ ಬಿಡಿಸಿದಂತೆಯೇ ಆಯಿತು ಎಂದು ನನ್ನ ಅನಿಸಿಕೆ. ಐವತ್ತೈದರ ಹೊತ್ತಿಗೆ ನಿವೃತ್ತನಾಗಿ ಫ್ರಾನ್ಸಿಗೆ ಮರಳಿದ. ಮದುವೆಯಾಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ತನ್ನ ಧರ್ಮದ ಆಚರಣೆಗಳಿಗೆ ಹತ್ತಿರವಾದ. ಉಳಿಸಿದ ಹಣವನ್ನು ಯಹೂದಿ ಮಕ್ಕಳ ಪಾಠಶಾಲೆಗಳಿಗೆಂದು ಇಟ್ಟುಹೋದ. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ 1930ರ ಅಕ್ಟೋಬರ್ 26ರಂದು ತೀರಿಕೊಂಡ. ಅದಕ್ಕೆ ಐದು ವರ್ಷ ಮೊದಲು, 1925ರಲ್ಲಿ, ಪರೇಲ್‌ನ ಸಂಶೋಧನಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟಿದ್ದರು. ಈಗಲೂ ಅದೇ ಹೆಸರು. 1964ರಲ್ಲಿ ನಮ್ಮ ಅಂಚೆ ಇಲಾಖೆ ಅವನ ಚಿತ್ರದ ಅಂಚೆಚೀಟಿ ತಂದಿತು.

ಮಲ್ಕೋವಾಲ್‌ನ ಹತ್ತೊಂಬತ್ತು ಜನರನ್ನು ಕೊಂದ ರೋಗಕ್ಕೂ ಮದ್ದು ಬಂದದ್ದು ಅವನು ಬದುಕಿದ್ದಾಗಲೇ. ಅವನು ಹಿಂದೆ ಪುಸ್ತಕ ಎತ್ತಿಕೊಡುತ್ತಿದ್ದ ಪಾಸ್ಚರ್ ಸಂಸ್ಥೆಯಲ್ಲೇ ಗಸ್ಟೋನ್ ರಾಮೊಂ ಎಂಬ ವಿಜ್ಞಾನಿ 1920ರ ದಶಕದಲ್ಲಿ ಧನುರ್ವಾಯುವಿನ ವಿಷವನ್ನು ಫಾರ್ಮಲಿನ್ ಮತ್ತು ಶಾಖದಿಂದ ಸಪ್ಪೆ ಮಾಡಿ, ದೇಹಕ್ಕೆ ಗುರುತು ಹಿಡಿಯಲು ಸಾಕಾಗುವಷ್ಟು ಉಳಿಸುವ ಉಪಾಯ ಕಂಡುಹಿಡಿದ. ಟಿಟಿ ಇಂಜೆಕ್ಷನ್ ಎನ್ನುವುದು ಅದೇ. ನಾವು ಹೈಸ್ಕೂಲಿನಲ್ಲಿದ್ದಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಬಂದು, ಹತ್ತನೇ ತರಗತಿಯವರನ್ನು ಹಾಜರಿ ಪುಸ್ತಕದ ಸಾಲಿನಂತೆ ನಿಲ್ಲಿಸಿ, ಎಡತೋಳಿಗೆ ಕೊಟ್ಟದ್ದು ಇದನ್ನೇ.